ಉಪ್ಪು ಬೇಕೋ, ಉಪ್ಪನ್ನು ತಾಳಿಕೊಳ್ಳುತ್ತವೋ? – ಕಾಂಡ್ಲಾ ಪಾಠದ ಒಂದು ವಿಮರ್ಶೆ

ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್, ಚಿಂಚೋಳಿ – ಈ ಊರುಗಳಲ್ಲಿ ಪಾಠ ಹೇಳುವ ಅಥವಾ ಓದುವ ನಿಮಗೆ ಕಡಲು ದೂರದ ಸಂಗತಿ. ಸೇಡಂನಿಂದ ಕುಮಟೆಯ ಕಡಲತೀರ ನೇರ ಗೆರೆಯಲ್ಲಿ ಅಳೆದರೂ 400 ಕಿಲೋಮೀಟರಿಗಿಂತ ಹೆಚ್ಚು. ಹಾಗಿದ್ದರೂ ಒಂದು ಹಳೆಯ ಕಡಲು ನಿಮ್ಮ ಕಾಲ ಕೆಳಗೇ ಇದೆ. ತರಗತಿಯ ನೆಲಕ್ಕೆ ಹಾಸಿರುವ ಶಹಾಬಾದ್ ಕಲ್ಲು ಮತ್ತು ವಾಡಿ, ಸೇಡಂ ಸಿಮೆಂಟ್ ಕಾರ್ಖಾನೆಗಳು ಅರೆಯುವ ಸುಣ್ಣದಕಲ್ಲು ಭೂವಿಜ್ಞಾನಿಗಳು ಭೀಮಾ ಶಿಲಾಸಮೂಹ ಎಂದು ಕರೆಯುವ ಪದರಗಳಿಗೆ ಸೇರಿದವು. ನೆಲದ ಮೇಲೆ ಇನ್ನೂ ಒಂದೂ ಮರ ಹುಟ್ಟಿರದ ಕಾಲದಲ್ಲಿ, ಆಳವಿಲ್ಲದ ಕಡಲೊಂದರ ತಳದಲ್ಲಿ ಕೂತ ಕೆಸರೇ ಈ ಕಲ್ಲಾಗಿದೆ. ಈ ಕಲ್ಲಿನ ಮೇಲೆ ಕೂತು ನಮ್ಮ ಮಕ್ಕಳು ಪರಿಸರ ವಿಭಾಗದಲ್ಲಿ 'ಮ್ಯಾಂಗ್ರೋವ್ ಕಾಡುಗಳು' ಎಂಬ ಪಾಠ ಓದುತ್ತಾರೆ. ಉತ್ತರ ಕನ್ನಡದವರು ಈ ಗಿಡಗಳನ್ನು ಕಾಂಡ್ಲಾ ಎನ್ನುತ್ತಾರೆ. ನಾವೂ ಹಾಗೆಯೇ ಕರೆಯೋಣ.

ನಾನು ಭೌತವಿಜ್ಞಾನದ ಅಧ್ಯಾಪಕ. ಸಸ್ಯವಿಜ್ಞಾನ ನನ್ನ ಕ್ಷೇತ್ರವಲ್ಲ. ಆದರೆ ಶಿಕ್ಷಕರ ಶಿಬಿರ, ರಸಪ್ರಶ್ನೆ, ಉಪನ್ಯಾಸ ಎಂದು ಈ ಐದೂ ಊರುಗಳಲ್ಲಿ ಓಡಾಡುವಾಗ ಕಾಂಡ್ಲಾ ಗಿಡದ ಬಗ್ಗೆ ನನಗೆ ಸಿಕ್ಕ ಉತ್ತರಗಳು ಎಲ್ಲೆಡೆ ಒಂದೇ ರೀತಿಯವು. ಅವು ನಾಲ್ಕು.

ಒಂದು: ಕಾಂಡ್ಲಾ ಗಿಡಗಳಿಗೆ ಬೆಳೆಯಲು ಉಪ್ಪು ನೀರೇ ಬೇಕು.
ಎರಡು: ಉಪ್ಪು ನೆಲದಲ್ಲಿ ಬೀಜ ಮೊಳೆಯಲಾರದು; ಆದ್ದರಿಂದ ಅದು ತಾಯಿಮರದ ಮೇಲೆಯೇ ಮೊಳೆಯುತ್ತದೆ.
ಮೂರು: ಉಸಿರು ಬೇರುಗಳು ಹೆಚ್ಚಿನ ಉಪ್ಪನ್ನು ಹೊರಹಾಕುತ್ತವೆ.
ನಾಲ್ಕು: ಕಡಲಿನ ಉಪ್ಪಿನಲ್ಲಿ ಬದುಕುವ ಈ ಗಿಡಗಳಿಗೆ ನದಿಯ ಸಿಹಿನೀರಿನ ಅಗತ್ಯವಿಲ್ಲ.

ನಾಲ್ಕನೆಯದನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಆದರೆ ಮೊದಲ ಮೂರನ್ನು ಕಲಿತ ವಿದ್ಯಾರ್ಥಿ ತಾನಾಗಿಯೇ ಅಲ್ಲಿಗೆ ಬಂದು ನಿಲ್ಲುತ್ತಾನೆ. ಮೂರನೆಯದು ಪೂರ್ತಿ ತಪ್ಪು. ಒಂದು ಮತ್ತು ಎರಡು ಅರ್ಧ ಸತ್ಯಗಳು. ನಾಲ್ಕನೆಯದು ಅಪಾಯಕಾರಿ ತಪ್ಪು. ಇವನ್ನು ಒಂದೊಂದಾಗಿ ಪರೀಕ್ಷಿಸುವುದು ಈ ಲೇಖನದ ಉದ್ದೇಶ. ಸುಲಭವಾದ ಮೂರನೆಯದರಿಂದ ಆರಂಭಿಸೋಣ.

ಬೇರು ಯಾವುದು, ಕೆಲಸ ಯಾವುದು?

ಅಳಿವೆಯ ಕೆಸರಿನ ಕಣಗಳ ನಡುವೆ ನೀರು ತುಂಬಿರುತ್ತದೆ. ಗಾಳಿಗೆ ಜಾಗವಿಲ್ಲ. ಆಕ್ಸಿಜನ್ ನೀರಿನಲ್ಲಿ ವಿಸರಣೆಗೊಳ್ಳುವ ವೇಗ ಗಾಳಿಯಲ್ಲಿನ ವೇಗದ ಸುಮಾರು ಹತ್ತು ಸಾವಿರದಲ್ಲಿ ಒಂದು ಪಾಲು. ಹಾಗಾಗಿ ಬೇರು ಉಸಿರಾಡಲು ಕೆಸರಿನಿಂದ ಹೊರಗೆ ತಲೆಯೆತ್ತಬೇಕು. ಉಸಿರು ಬೇರಿನ ಕೆಲಸ ಇದು. ಉಪ್ಪು ಹೊರಹಾಕುವುದಕ್ಕೂ ಇದಕ್ಕೂ ಸಂಬಂಧವಿಲ್ಲ.

ಇದರ ಜೊತೆಗೆ ಇನ್ನೊಂದು ಗೊಂದಲವಿದೆ. ಪದವಿಪೂರ್ವ ತರಗತಿಗಳಲ್ಲಿ ಬಹುಕಾಲ ಓದಿಸಿದ ಪಠ್ಯವೊಂದರಲ್ಲಿ ನೆಲದಿಂದ ಮೇಲಕ್ಕೆ ನೆಟ್ಟಗೆ ಏಳುವ ಉಸಿರು ಬೇರಿಗೆ ಉದಾಹರಣೆಯಾಗಿ ರೈಜೊಫೊರ ಗಿಡವನ್ನು ಕೊಡಲಾಗಿತ್ತು. ಪೆನ್ಸಿಲ್ ನೆಟ್ಟಂತೆ ಕೆಸರಿನಿಂದ ಮೇಲೇಳುವ ಬೇರುಗಳು ಅವಿಸೀನಿಯ ಮತ್ತು ಸೊನ್ನೆರೇಶಿಯ ಗಿಡಗಳವು. ರೈಜೊಫೊರದಲ್ಲಿ ಇರುವುದು ಕಾಂಡದಿಂದ ಕಮಾನಿನಂತೆ ಇಳಿದು ಮರವನ್ನು ಎತ್ತಿ ಹಿಡಿಯುವ ಊರುಗೋಲು ಬೇರುಗಳು. ಅವೂ ಮೈಮೇಲಿನ ಸಣ್ಣ ರಂಧ್ರಗಳ ಮೂಲಕ ಗಾಳಿ ಎಳೆದುಕೊಳ್ಳುತ್ತವೆ, ಆದರೆ ರೂಪ ಬೇರೆ. ಕಾಂಡ್ಲಾವನ್ನು ಒಮ್ಮೆ ಕಣ್ಣಾರೆ ಕಂಡವರು ಈ ತಪ್ಪು ಮಾಡಲಾರರು. ಕಾಣದ ನಾವು ಅದನ್ನು ವರ್ಷಗಟ್ಟಲೆ ಬಾಯಿಪಾಠ ಮಾಡಿಸಿದೆವು.

ಉಪ್ಪು ಎಲ್ಲಿ ತಡೆಯಲ್ಪಡುತ್ತದೆ?

ಕೆಲವು ವರ್ಷಗಳ ಹಿಂದೆ ನಮ್ಮ ವಿದ್ಯಾರ್ಥಿಗಳನ್ನು ಕುಮಟಾ ತಾಲ್ಲೂಕಿನ ಅಘನಾಶಿನಿ ಅಳಿವೆಗೆ ಕರೆದುಕೊಂಡು ಹೋಗಿದ್ದೆ. ವಾಡಿ ಕಡೆಯ ಒಬ್ಬ ಹುಡುಗಿ ಅವಿಸೀನಿಯದ ಎಲೆಯ ಮೇಲೆ ಬೆರಳಾಡಿಸಿ ನಾಲಿಗೆಗೆ ಹಚ್ಚಿಕೊಂಡು, "ಸರ್, ಉಪ್ಪು ಅದ ನೋಡ್ರಿ" ಎಂದಳು. ಪಕ್ಕದ ರೈಜೊಫೊರದ ಎಲೆಯನ್ನೂ ಹಾಗೆಯೇ ನೋಡಿ, "ಇದರಾಗ ಏನೂ ಇಲ್ರಿ" ಎಂದಳು. ಎರಡೂ ಒಂದೇ ಕೆಸರಿನಲ್ಲಿ, ಒಂದೇ ನೀರಿನಲ್ಲಿ ನಿಂತ ಗಿಡಗಳು. (ಗುರುತು ತಿಳಿಯದ ಗಿಡವನ್ನು ಬಾಯಿಗೆ ಹಚ್ಚಬೇಡಿ. ಇದೇ ಕಾಡಿನಲ್ಲಿ ಬೆಳೆಯುವ ಎಕ್ಸ್‌ಕೊಕೇರಿಯ ಗಿಡದ ಹಾಲು ಕಣ್ಣಿಗೆ ತಗುಲಿದರೆ ತೀವ್ರ ಹಾನಿ ಮಾಡಬಲ್ಲದು.) ಆ ಹುಡುಗಿಯ ಬೆರಳ ತುದಿಯ ಪ್ರಯೋಗ ಒಂದು ಪುಟದ ಟಿಪ್ಪಣಿಗಿಂತ ಹೆಚ್ಚು ಹೇಳಿತು: ಎಲ್ಲ ಕಾಂಡ್ಲಾ ಗಿಡಗಳೂ ಉಪ್ಪನ್ನು ಒಂದೇ ಬಗೆಯಲ್ಲಿ ನಿಭಾಯಿಸುವುದಿಲ್ಲ.

ಇಲ್ಲಿ ನನ್ನ ಕ್ಷೇತ್ರದ ಲೆಕ್ಕ ಕೈಗೆ ಬರುತ್ತದೆ. ಒಂದು ಕಿಲೋಗ್ರಾಂ ಕಡಲ ನೀರಿನಲ್ಲಿ ಸುಮಾರು 35 ಗ್ರಾಂ ಲವಣಗಳಿವೆ. ಇದರ ಅಭಿಸರಣ ಒತ್ತಡ ಸುಮಾರು 26 ವಾಯುಮಂಡಲ. ಒಂದು ವಾಯುಮಂಡಲ ಒತ್ತಡ ನೀರನ್ನು ಸುಮಾರು 10.3 ಮೀಟರ್ ಎತ್ತರಕ್ಕೆ ನಿಲ್ಲಿಸುತ್ತದೆ. 26 ವಾಯುಮಂಡಲ ಎಂದರೆ ಸುಮಾರು 270 ಮೀಟರ್, ಅಂದರೆ ಕುತುಬ್ ಮಿನಾರಿನ ಮೂರೂವರೆ ಪಟ್ಟಿಗೂ ಹೆಚ್ಚು. ಕಡಲ ನೀರಿನಿಂದ ಸಿಹಿನೀರನ್ನು ಬೇರ್ಪಡಿಸಬೇಕಾದ ಬೇರು ಎದುರಿಸುವ ಅಡೆತಡೆ ಇಷ್ಟು.

ನಿಮ್ಮ ಊರಿನ ಶುದ್ಧ ಕುಡಿಯುವ ನೀರಿನ ಘಟಕವನ್ನು ನೆನಪಿಸಿಕೊಳ್ಳಿ. ನಾಣ್ಯ ಹಾಕಿ ಕ್ಯಾನಿಗೆ ನೀರು ತುಂಬಿಸಿಕೊಳ್ಳುವ ಆ ಆರ್.ಓ. ಯಂತ್ರ ಪಂಪಿನ ಒತ್ತಡದಿಂದ ನೀರನ್ನು ಪೊರೆಯಾಚೆ ತಳ್ಳುತ್ತದೆ. ಕರೆಂಟು ಹೋದರೆ ಕೆಲಸ ನಿಲ್ಲುತ್ತದೆ. ಕಾಂಡ್ಲಾ ಮರ ತಳ್ಳುವುದಿಲ್ಲ, ಎಳೆಯುತ್ತದೆ. ಬಿಸಿಲಿಗೆ ಎಲೆಯಿಂದ ನೀರು ಆವಿಯಾದಂತೆ ಕ್ಸೈಲಮ್ ನಾಳಗಳಲ್ಲಿನ ನೀರಿನ ಕಂಬ ಹಗ್ಗದಂತೆ ಬಿಗಿಯುತ್ತದೆ. ಆ ಬಿಗಿತ ಬೇರಿನ ಪೊರೆಗಳ ಮೂಲಕ ನೀರನ್ನು ಮೇಲಕ್ಕೆ ಸೆಳೆಯುತ್ತದೆ, ಉಪ್ಪಿನ ಹೆಚ್ಚಿನ ಪಾಲು ಹೊರಗೇ ಉಳಿಯುತ್ತದೆ. ಪಿ. ಎಫ್. ಶೊಲಾಂಡರ್ ಮತ್ತು ಸಂಗಡಿಗರು 1965ರಲ್ಲಿ ಪ್ರಕಟಿಸಿದ ಅಳತೆಗಳಲ್ಲಿ ಕಾಂಡ್ಲಾ ರೆಂಬೆಗಳ ಒಳಗಿನ ಒತ್ತಡ ಋಣ 30ರಿಂದ ಋಣ 60 ವಾಯುಮಂಡಲದವರೆಗೆ ಇತ್ತು. ಋಣ ಒತ್ತಡ ಎಂದರೇನು ಎಂದು ಕೇಳುವ ವಿದ್ಯಾರ್ಥಿಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ. ಬೇರಿನ ಉಸಿರಾಟವನ್ನು ತಡೆಯುವ ವಿಷ ಕೊಟ್ಟಾಗಲೂ ಉಪ್ಪು ಬೇರ್ಪಡುವುದು ಮುಂದುವರಿಯಿತು ಎಂದು ಶೊಲಾಂಡರ್ 1968ರಲ್ಲಿ ತೋರಿಸಿದರು. ಅಂದರೆ ಈ ಶೋಧನೆ ಮುಖ್ಯವಾಗಿ ಒಂದು ಭೌತಿಕ ಕ್ರಿಯೆ.

ರೈಜೊಫೊರದ ಬೇರು ನೀರಿನ ಉಪ್ಪಿನಲ್ಲಿ ಸುಮಾರು ಶೇಕಡಾ 99ರಷ್ಟನ್ನು ತಡೆಯುತ್ತದೆ, ಅವಿಸೀನಿಯ ಸುಮಾರು ಶೇಕಡಾ 90ರಷ್ಟನ್ನು. ವ್ಯತ್ಯಾಸ ಸಣ್ಣದೆಂದು ಕಾಣುತ್ತದೆ. ಲೆಕ್ಕ ಹಾಕಿ ನೋಡಿ. ಪೂರ್ಣ ಕಡಲ ನೀರಿನಲ್ಲಿ ನಿಂತ ಮರವೊಂದು ದಿನಕ್ಕೆ 10 ಲೀಟರ್ ನೀರು ಎಳೆಯುತ್ತದೆಂದು ಇಟ್ಟುಕೊಳ್ಳೋಣ. ಮೊದಲ ಗಿಡದ ಮೈಗೆ ದಿನಕ್ಕೆ 3.5 ಗ್ರಾಂ ಉಪ್ಪು ಸೇರಿದರೆ, ಎರಡನೆಯದಕ್ಕೆ 35 ಗ್ರಾಂ ಸೇರುತ್ತದೆ. ಹೀಗೆ ಹತ್ತು ಪಟ್ಟು ಹೆಚ್ಚು ಉಪ್ಪು ಬರುವುದರಿಂದಲೇ ಅವಿಸೀನಿಯದ ಎಲೆಗಳಲ್ಲಿ ಉಪ್ಪು ಸ್ರವಿಸುವ ಗ್ರಂಥಿಗಳಿವೆ. ಹುಡುಗಿಯ ನಾಲಿಗೆಗೆ ಸಿಕ್ಕಿದ್ದು ಅದೇ.

ಉಪ್ಪು ಬೇಕೋ ಬೇಡವೋ?

ಈಗ ಮೊದಲನೆಯ ವಾಕ್ಯಕ್ಕೆ ಬರೋಣ. ಮೇಲಿನ ಎಲ್ಲ ಏರ್ಪಾಡುಗಳೂ ಪುಕ್ಕಟೆಯಲ್ಲ. ಹೊರಗಿನ ಉಪ್ಪು ಹೆಚ್ಚಿದಷ್ಟೂ ನೀರೆಳೆಯುವ ಬಿಗಿತ ಹೆಚ್ಚಬೇಕು. ಬಿಗಿತ ಮಿತಿಮೀರಿದರೆ ನಾಳದ ನೀರಿನ ಕಂಬ ತುಂಡಾಗಿ ಗುಳ್ಳೆ ಸೇರಿಕೊಳ್ಳುತ್ತದೆ. ಅದನ್ನು ತಪ್ಪಿಸಲು ಗಿಡ ಪತ್ರರಂಧ್ರಗಳನ್ನು ಕಿರಿದಾಗಿಸುತ್ತದೆ. ಆಗ ನೀರು ಉಳಿಯುತ್ತದೆ, ಆದರೆ ಒಳಬರುವ ಕಾರ್ಬನ್ ಡೈಆಕ್ಸೈಡೂ ಕಡಿಮೆಯಾಗುತ್ತದೆ. ದ್ಯುತಿಸಂಶ್ಲೇಷಣೆ ಕುಗ್ಗುತ್ತದೆ. ಕೈಗೆ ಬರುವ ಸಕ್ಕರೆಯ ಒಂದು ಪಾಲು ಉಪ್ಪನ್ನು ನಿಭಾಯಿಸಲು ಖರ್ಚಾಗುತ್ತದೆ. ಎಲೆ, ಕಾಂಡ, ಹೂವು, ಕಾಯಿಗೆ ಉಳಿಯುವುದು ಅದರಲ್ಲಿ ಮಿಕ್ಕಿದ್ದು.

ಆದ್ದರಿಂದಲೇ ನಿಯಂತ್ರಿತ ಪ್ರಯೋಗಗಳಲ್ಲಿ ಬಹುತೇಕ ಕಾಂಡ್ಲಾ ಜಾತಿಗಳು ಅತ್ಯುತ್ತಮವಾಗಿ ಬೆಳೆಯುವುದು ಪೂರ್ಣ ಕಡಲ ನೀರಿನಲ್ಲಲ್ಲ, ಅದಕ್ಕೆ ಸಿಹಿನೀರು ಸಾಕಷ್ಟು ಬೆರೆತಾಗ. ಜಾತಿಯಿಂದ ಜಾತಿಗೆ ಅಂಕಿ ಬದಲಾದರೂ ಕಡಲ ನೀರಿನ ಶೇಕಡಾ 5ರಿಂದ 50ರ ನಡುವೆ ಎಲ್ಲೋ ಒಂದು ಕಡೆ ಅವುಗಳ ಉತ್ತಮ ಬೆಳವಣಿಗೆ ಕಾಣುತ್ತದೆ. ಉಪ್ಪು ಅದಕ್ಕಿಂತ ಹೆಚ್ಚಾದರೆ ಗಿಡ ಸಾಯುವುದಿಲ್ಲ, ಕುಗ್ಗುತ್ತದೆ. ಮಳೆ ಕಡಿಮೆಯಿರುವ ಕಚ್ಛ್ ತೀರದಲ್ಲಿ ಮೈಲುಗಟ್ಟಲೆ ಕಾಣುವುದು ಹೆಚ್ಚಾಗಿ ಅವಿಸೀನಿಯ ಮರೀನ ಎಂಬ ಒಂದೇ ಜಾತಿ, ಅದೂ ಅನೇಕ ಕಡೆ ಪೊದೆಯ ಗಾತ್ರದ್ದು.

ಹಾಗಾದರೆ ಸಂಪೂರ್ಣ ಸಿಹಿನೀರಿನಲ್ಲಿ ಅವು ಬದುಕುತ್ತವೆಯೆ? ಇಲ್ಲಿ ವಿಜ್ಞಾನಿಗಳಲ್ಲೇ ಚರ್ಚೆ ನಡೆದಿದೆ. 2011ರಲ್ಲಿ ಪ್ರಕಟವಾದ ಒಂದು ಸಮೀಕ್ಷಾ ಲೇಖನ ಕಾಂಡ್ಲಾಗಳಿಗೆ ಜೀವನಚಕ್ರ ಪೂರೈಸಲು ಉಪ್ಪು ಅನಿವಾರ್ಯ ಎಂದು ವಾದಿಸಿತು. 2013ರಲ್ಲಿ ಕ್ರೌಸ್ ಮತ್ತು ಬಾಲ್ ಎಂಬ ವಿಜ್ಞಾನಿಗಳು ಅದಕ್ಕೆ ಉತ್ತರವಾಗಿ, ಸಿಹಿನೀರಿನಲ್ಲಿ ಬೆಳೆಯುವ ಕಾಂಡ್ಲಾಗಳ ದಾಖಲೆಗಳನ್ನು ಮುಂದಿಟ್ಟು ಆ ತೀರ್ಮಾನವನ್ನು ಒಪ್ಪಲಿಲ್ಲ. ಸಿಹಿನೀರಿನ ದಡಗಳಲ್ಲಿ ಕಾಂಡ್ಲಾ ಸಾಮಾನ್ಯವಾಗಿ ಕಾಣದಿರಲು ಒಂದು ಮುಖ್ಯ ಕಾರಣ ಪೈಪೋಟಿ. ಉಪ್ಪು ನಿಭಾಯಿಸುವ ಖರ್ಚಿಲ್ಲದ ಬೇರೆ ಗಿಡಗಳು ಅಲ್ಲಿ ವೇಗವಾಗಿ ಬೆಳೆದು ಇವನ್ನು ನೆರಳಿಗೆ ತಳ್ಳುತ್ತವೆ. ನಿಮ್ಮ ಹೊಲದ ಅನುಭವವೂ ಇದೇ: ಸವಳು ನೆಲದಲ್ಲಿ ಕಾಣುವ ಗಿಡ ಸವಳನ್ನು ಮೆಚ್ಚಿ ಬಂದದ್ದಲ್ಲ, ಅಲ್ಲಿ ಬೇರೆಯವರ ಕಾಟ ಕಡಿಮೆ ಎಂದು ಉಳಿದದ್ದು.

ಹಾಗಾಗಿ 'ಉಪ್ಪು ಬೇಕು' ಎಂಬುದರ ಬದಲು ಹೀಗೆ ಬರೆಸಿರಿ: ಕಾಂಡ್ಲಾಗಳು ಉಪ್ಪನ್ನು ಬೆಲೆ ತೆತ್ತು ತಾಳಿಕೊಳ್ಳುತ್ತವೆ, ಬೆಲೆ ಎಷ್ಟೆಂಬುದು ಜಾತಿಯ ಮೇಲೂ ಉಪ್ಪಿನ ಪ್ರಮಾಣದ ಮೇಲೂ ಅವಲಂಬಿಸಿದೆ.

ಮರದ ಮೇಲಿನ ಮೊಳಕೆ

ಎರಡನೆಯ ವಾಕ್ಯ ಹೆಚ್ಚು ಜನಪ್ರಿಯ, ಏಕೆಂದರೆ ಅದರಲ್ಲಿ ಒಂದು ಕಥೆಯಿದೆ. ರೈಜೊಫೊರ ಮ್ಯುಕ್ರೊನೇಟದ ಹಣ್ಣಿನೊಳಗಿನ ಭ್ರೂಣ ಬೀಜವಾಗಿ ಮಲಗುವುದಿಲ್ಲ. ತಾಯಿಮರದಲ್ಲಿ ಇರುವಾಗಲೇ ಹಣ್ಣನ್ನು ಸೀಳಿಕೊಂಡು, ನುಗ್ಗೆಕಾಯಿಯಂತೆ ಉದ್ದವಾಗಿ ಜೋತುಬೀಳುತ್ತದೆ. ಇದನ್ನು ಮೊಳಕೆಕೋಲು ಎನ್ನೋಣ. ಅರ್ಧ ಮೀಟರಿಗೂ ಉದ್ದ ಬೆಳೆಯಬಲ್ಲ ಈ ಕೋಲು ಬಹುಪಾಲು ಬೀಜದಳದ ಕೆಳಗಿನ ಕಾಂಡಭಾಗ. ಹೂವಿನ ಮೊಗ್ಗಿನಿಂದ ಪಕ್ವವಾದ ಕೋಲಿನವರೆಗೆ ಒಂದು ವರ್ಷಕ್ಕೂ ಮಿಕ್ಕಿ ಕಾಲ ಹಿಡಿಯುತ್ತದೆ. ಅಷ್ಟು ಕಾಲವೂ ಖರ್ಚು ತಾಯಿಯದು. ಅವಿಸೀನಿಯದಲ್ಲಿ ಭ್ರೂಣ ಬೆಳೆದರೂ ಹಣ್ಣಿನ ಸಿಪ್ಪೆ ಸೀಳುವುದಿಲ್ಲ. ಸಿಪ್ಪೆಯ ಸಮೇತ ಉದುರುತ್ತದೆ.

'ನೆಲದಲ್ಲಿ ಉಪ್ಪು ಇದೆ, ಆದ್ದರಿಂದ ಮರದ ಮೇಲೆ ಮೊಳೆಯಿತು' ಎಂಬುದು ಕಾರಣವೆ? ಎರಡು ಪ್ರಶ್ನೆ ಕೇಳಿ. ಒಂದು, ಉಪ್ಪಿದ್ದಲ್ಲೆಲ್ಲ ಹೀಗಾಗುತ್ತದೆಯೆ? ಇಲ್ಲ. ಅದೇ ಕೆಸರಿನಲ್ಲಿ ಬೆಳೆಯುವ ಸೊನ್ನೆರೇಶಿಯ ಸಾಮಾನ್ಯ ಬೀಜಗಳನ್ನೇ ಉದುರಿಸುತ್ತದೆ. ಎಕ್ಸ್‌ಕೊಕೇರಿಯವೂ ಹಾಗೆಯೇ. ಎರಡು, ಉಪ್ಪಿಲ್ಲದಲ್ಲಿ ಹೀಗಾಗುವುದೇ ಇಲ್ಲವೆ? ಆಗುತ್ತದೆ. ಸೀಮೆಬದನೆಯ ಬೀಜ ಕಾಯಿಯೊಳಗೇ ಮೊಳೆಯುತ್ತದೆ. ನಮ್ಮ ಭಾಗದಲ್ಲಿ ಹೆಸರು, ಉದ್ದು ಕೊಯ್ಲಿನ ಹೊತ್ತಿಗೆ ಮಳೆ ಹಿಡಿದರೆ ಗಿಡದ ಮೇಲಿನ ಕಾಯಲ್ಲೇ ಕಾಳು ಮೊಳೆತು ರೈತ ತಲೆಯ ಮೇಲೆ ಕೈಹೊತ್ತು ಕೂರುವುದನ್ನು ನೀವು ಕಂಡಿದ್ದೀರಿ. ಆದ್ದರಿಂದ ಉಪ್ಪು ಈ ವಿದ್ಯಮಾನಕ್ಕೆ ಅಗತ್ಯವೂ ಅಲ್ಲ, ಅದೊಂದೇ ಸಾಕಾದದ್ದೂ ಅಲ್ಲ.

ಇದರ ಹಿಂದಿನ ರಾಸಾಯನಿಕ ಕೊಂಡಿ ಅಬ್ಸಿಸಿಕ್ ಆಮ್ಲ. ಬೀಜ ಒಣಗಿ ಸುಪ್ತಾವಸ್ಥೆಗೆ ಹೋಗುವಂತೆ ಮಾಡುವ ಹಾರ್ಮೋನ್ ಅದು. ಒಣಹವೆ ಅಥವಾ ಉಪ್ಪಿನ ಒತ್ತಡದಲ್ಲಿ ಪತ್ರರಂಧ್ರಗಳನ್ನು ಮುಚ್ಚಿಸುವ ಹಾರ್ಮೋನೂ ಅದೇ. ತಾಯಿಮರದ ಮೈಯಲ್ಲಿ ಅದು ಹೆಚ್ಚಿದ್ದರೆ ಭ್ರೂಣದ ಬೆಳವಣಿಗೆ ನಿಲ್ಲಬೇಕಿತ್ತಲ್ಲವೆ? ಫಾರ್ನ್ಸ್‌ವರ್ತ್ ಮತ್ತು ಫರಾಂಟ್ 1998ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಮರದ ಮೇಲೆ ಮೊಳೆಯುವ ಕಾಂಡ್ಲಾಗಳ ಭ್ರೂಣಗಳಲ್ಲಿ ಈ ಆಮ್ಲದ ಪ್ರಮಾಣ ಕಡಿಮೆಯಿರುವುದು ಕಂಡುಬಂತು. ತಾಯಿಗೆ ನೀರು ಉಳಿಸುವ ಹಾರ್ಮೋನ್ ಬೇಕು, ಮಗುವಿಗೆ ಅದು ಕಡಿಮೆ ಇದ್ದರೆ ಬೆಳವಣಿಗೆ ನಿಲ್ಲುವುದಿಲ್ಲ. ಇದರೊಡನೆ ತಾಯಿಯ ಎಲೆಗಿಂತ ಭ್ರೂಣದ ಅಂಗಾಂಶದಲ್ಲಿ ಲವಣಾಂಶವೂ ಕಡಿಮೆ ಇರುತ್ತದೆ.

ಇದರಿಂದ ಗಿಡಕ್ಕೆ ಲಾಭವಿದೆ ಎಂಬುದು ನಿಜ. ಉದುರುವ ವೇಳೆಗೆ ಅದು ಕೆಸರಿಗೆ ಬಿದ್ದ ಕೂಡಲೇ ಬೇರು ಬಿಡಬಲ್ಲ, ಆಹಾರ ಸಂಗ್ರಹವಿರುವ ಸಸಿ. ಬೀಜ ಮೊಳೆಯುವ ಅತಿ ನಾಜೂಕಿನ ಘಟ್ಟವನ್ನು ಅದು ತಾಯಿಯ ಆಸರೆಯಲ್ಲಿ ದಾಟಿ ಬಂದಿದೆ. ಆದರೆ ಲಾಭ ಬೇರೆ, ಕಾರಣ ಬೇರೆ. 'ಆದ್ದರಿಂದ' ಎಂಬ ಪದವನ್ನು ವಿಜ್ಞಾನದ ಪಾಠದಲ್ಲಿ ಬಳಸುವಾಗ ಇರಬೇಕಾದ ಎಚ್ಚರ ಇದು. ಗಿಡ ಯೋಚಿಸಿ ಉಪಾಯ ಹೂಡಲಿಲ್ಲ. ಇಂತಹ ವ್ಯತ್ಯಾಸವಿದ್ದ ಗಿಡಗಳ ಸಂತತಿ ಈ ನೆಲದಲ್ಲಿ ಹೆಚ್ಚು ಉಳಿಯಿತು.

ಉದುರಿದ ಮೇಲೆ

ಮೊಳಕೆಕೋಲು ಈಟಿಯಂತೆ ನೆಟ್ಟಗೆ ಬಿದ್ದು ಕೆಸರಿಗೆ ನಾಟಿಕೊಳ್ಳುತ್ತದೆ ಎಂಬ ಚಿತ್ರವೂ ಪಾಠಗಳಲ್ಲಿ ಬರುತ್ತದೆ. ಇಳಿತದ ಹೊತ್ತಿನಲ್ಲಿ ಕೆಲವು ಹಾಗೆ ನಾಟಿಕೊಳ್ಳುತ್ತವೆ. ಆದರೆ ಬಹಳಷ್ಟು ಕೋಲುಗಳು ನೀರಿನಲ್ಲಿ ತೇಲಿಹೋಗಿ, ಎಲ್ಲೋ ದಡ ಸೇರಿ, ಮಲಗಿದ್ದಲ್ಲೇ ಬೇರು ಬಿಟ್ಟು ಆಮೇಲೆ ಏಳುತ್ತವೆ. ತೇಲುವುದರಲ್ಲೂ ಉಪ್ಪಿನ ಪಾತ್ರವಿದೆ. ಸಿಹಿನೀರಿನ ಸಾಂದ್ರತೆ ಘನ ಸೆಂಟಿಮೀಟರಿಗೆ 1.000 ಗ್ರಾಂ, ಕಡಲ ನೀರಿನದು ಸುಮಾರು 1.025 ಗ್ರಾಂ. ಸಾಂದ್ರತೆ 1.01 ಇರುವ ಕೋಲು ಕಡಲ ನೀರಿನಲ್ಲಿ ತೇಲುತ್ತದೆ, ಸಿಹಿನೀರಿಗೆ ಬಂದರೆ ಮುಳುಗುತ್ತದೆ. ಆರ್ಕಿಮಿಡೀಸನ ತತ್ವದ ಈ ಎರಡೂವರೆ ಶೇಕಡಾ ವ್ಯತ್ಯಾಸವೇ ಸಸಿ ಎಲ್ಲಿ ನಿಲ್ಲಬಹುದು ಎಂಬುದರ ಮೇಲೆ ಪ್ರಭಾವ ಬೀರುತ್ತದೆ.

ಕಾಲವೂ ಮುಖ್ಯ. ನಮ್ಮ ಪಶ್ಚಿಮ ಕರಾವಳಿಯಲ್ಲಿ ಹೆಚ್ಚಿನ ಕಾಂಡ್ಲಾ ಜಾತಿಗಳ ಕೋಲುಗಳು, ಬೀಜಗಳು ಉದುರುವುದು ಮಳೆಗಾಲದ ಆಸುಪಾಸಿನಲ್ಲಿ. ಆಗ ಅಣೆಕಟ್ಟಿಲ್ಲದ ನದಿಯ ಅಳಿವೆಯಲ್ಲಿ ಮೇಲ್ಪದರದ ನೀರು ಬಹುಪಾಲು ಸಿಹಿಯಾಗಿರುತ್ತದೆ. ಸಸಿ ಆ ಕೆಲವು ತಿಂಗಳಲ್ಲಿ ಬೇರಿಳಿಸಿಕೊಳ್ಳುತ್ತದೆ. ಬೇಸಿಗೆಗೆ ಕಡಲ ಮುಖದಲ್ಲಿ ಉಪ್ಪು ಸಾವಿರಕ್ಕೆ 30 ಭಾಗ ದಾಟುವ ಹೊತ್ತಿಗೆ ಅದು ಸ್ವಲ್ಪ ಗಟ್ಟಿಯಾಗಿರುತ್ತದೆ. ಮೊಳಕೆಕೋಲಿನಲ್ಲಿ ತಾಯಿಯ ಬುತ್ತಿ ಇರುವ ರೈಜೊಫೊರಕ್ಕೆ ಈ ಸಿಹಿನೀರಿನ ಅವಧಿ ಅನುಕೂಲ. ಬುತ್ತಿಯೇ ಇಲ್ಲದ ಸಣ್ಣ ಬೀಜದ ಸೊನ್ನೆರೇಶಿಯಕ್ಕೆ ಅದು ಜೀವನ್ಮರಣದ ಪ್ರಶ್ನೆ. ಬೆಳೆದ ಮರ ತಾಳುವ ಉಪ್ಪನ್ನು ಅದರ ಬೀಜ ತಾಳಬೇಕೆಂದಿಲ್ಲ. ಇದನ್ನು ಮರೆತರೆ ಹಸಿರಾಗಿ ನಿಂತ ಕಾಡನ್ನು ನೋಡಿ ಎಲ್ಲ ಸರಿಯಿದೆ ಎಂದುಕೊಳ್ಳುತ್ತೇವೆ. ಕೆಳಗೆ ಒಂದೂ ಎಳೆಸಸಿ ಇರುವುದಿಲ್ಲ.

ಎರಡು ಅಳಿವೆಗಳ ಸಾಕ್ಷ್ಯ

ನಾಲ್ಕನೆಯ ವಾಕ್ಯದ ಪರೀಕ್ಷೆಗೆ ಉತ್ತರ ಕನ್ನಡದಲ್ಲೇ ಒಂದು ದೊಡ್ಡ ಪ್ರಯೋಗ ತಾನಾಗಿ ನಡೆದಿದೆ. ಅಘನಾಶಿನಿ ಮತ್ತು ಶರಾವತಿ ನೆರೆಯ ನದಿಗಳು. ಅಘನಾಶಿನಿಯ ಹರಿವಿಗೆ ದೊಡ್ಡ ಅಣೆಕಟ್ಟಿಲ್ಲ. ಶರಾವತಿಗೆ 1964ರಲ್ಲಿ ಪೂರ್ಣಗೊಂಡ ಲಿಂಗನಮಕ್ಕಿ ಅಣೆಕಟ್ಟೆಯೂ, ಆಮೇಲೆ ಗೇರುಸೊಪ್ಪದ ಅಣೆಕಟ್ಟೆಯೂ ಇವೆ. ವಿದ್ಯುತ್ ತಯಾರಿಸಿದ ನೀರು ಬೇಸಿಗೆಯಲ್ಲೂ ಬಿಡುಗಡೆಯಾಗುವುದರಿಂದ ಶರಾವತಿಯ ಅಳಿವೆಯಲ್ಲಿ ಉಪ್ಪು ಏರಬೇಕಾದ ಕಾಲದಲ್ಲಿ ಏರುವುದಿಲ್ಲ. ಭಾರತೀಯ ವಿಜ್ಞಾನ ಸಂಸ್ಥೆಯ ಟಿ. ವಿ. ರಾಮಚಂದ್ರ, ಎಂ. ಡಿ. ಸುಭಾಷ್ ಚಂದ್ರನ್ ಮತ್ತು ಸಂಗಡಿಗರು ಈ ಅಳಿವೆಗಳನ್ನು ಹೋಲಿಸಿ ಅಧ್ಯಯನ ಮಾಡಿದ್ದಾರೆ. ಶರಾವತಿಯಲ್ಲಿ ಕಡಿಮೆ ಉಪ್ಪಿನಲ್ಲಿ ಬೆಳೆಯುವ ಸೊನ್ನೆರೇಶಿಯ ಕೇಸಿಯೊಲಾರಿಸ್ ಮೇಲುಗೈ ಪಡೆದಿದೆ, ಚಿಪ್ಪುಜೀವಿಗಳು ಕುಗ್ಗಿವೆ. ಅಘನಾಶಿನಿಯಲ್ಲಿ ಕಡಲ ಮುಖದಿಂದ ಒಳನಾಡಿನವರೆಗೆ ಉಪ್ಪಿನ ಇಳಿಜಾರು ಉಳಿದಿದೆ, ಅದಕ್ಕೆ ತಕ್ಕಂತೆ ಬೇರೆ ಬೇರೆ ಜಾತಿಗಳ ಕಾಂಡ್ಲಾಗಳೂ, ನೂರಾರು ಕುಟುಂಬಗಳ ಹೊಟ್ಟೆ ಹೊರೆಯುವ ಚಿಪ್ಪುಜೀವಿಗಳೂ ಇವೆ. 2024ರ ಜನವರಿಯಲ್ಲಿ ಈ ಅಳಿವೆ ರಾಮ್ಸಾರ್ ಪಟ್ಟಿಗೆ ಸೇರಿತು. ಅದರ ದಂಡೆಯ ಗಜನಿ ಗದ್ದೆಗಳಲ್ಲಿ ಕಗ್ಗ ಎಂಬ ಉಪ್ಪು ತಾಳುವ ಭತ್ತ ಬೆಳೆಯುವ ರೈತ, ಮಳೆ ನೀರು ಗದ್ದೆಯ ಉಪ್ಪನ್ನು ತೊಳೆಯುವವರೆಗೆ ಕಾಯುತ್ತಾನೆ. ನಾವು ಪಾಠದಲ್ಲಿ ಬಿಟ್ಟದ್ದು ಅವನಿಗೆ ಗೊತ್ತು: ಉಪ್ಪಿಗೂ ಋತುಮಾನವಿದೆ.

ಇದಕ್ಕೆ ವಿರುದ್ಧವಾದ ಉದಾಹರಣೆಗಳೂ ಇವೆ. ಸಿಂಧೂ ನದಿಗೆ 1955ರಲ್ಲಿ ಕೋಟ್ರಿ ಬ್ಯಾರೇಜ್ ಬಂದ ಮೇಲೆ, ಮೇಲಿನ ಇತರ ತಿರುವುಗಳೂ ಸೇರಿ, ಮುಖಜಭೂಮಿಗೆ ತಲುಪುವ ಸಿಹಿನೀರು ತೀರ ಕುಗ್ಗಿತು. ಒಂದು ಕಾಲಕ್ಕೆ ಹಲವು ಜಾತಿಗಳಿದ್ದ ಅಲ್ಲಿನ ಕಾಡಿನಲ್ಲಿ ಇಂದು ಬಹುಪಾಲು ಉಳಿದಿರುವುದು ಅವಿಸೀನಿಯ ಮರೀನ ಮಾತ್ರ. 1975ರಲ್ಲಿ ಫರಕ್ಕಾ ಬ್ಯಾರೇಜ್ ಆರಂಭವಾದ ಮೇಲೆ ಸುಂದರಬನದ ಕೆಲವು ಭಾಗಗಳಿಗೆ ಒಣಗಾಲದಲ್ಲಿ ಬರುವ ಸಿಹಿನೀರು ಕಡಿಮೆಯಾಯಿತು. ಆ ಕಾಡಿಗೆ ಹೆಸರು ಕೊಟ್ಟಿದೆ ಎನ್ನಲಾಗುವ ಸುಂದರಿ ಮರ ಕಡಿಮೆ ಉಪ್ಪನ್ನು ಬಯಸುವ ಜಾತಿ. ಅದು ತುದಿಯಿಂದ ಒಣಗುತ್ತಿರುವುದಕ್ಕೆ ಹೆಚ್ಚಿದ ಉಪ್ಪೂ ಒಂದು ಕಾರಣವೆಂದು ಅನೇಕ ಅಧ್ಯಯನಗಳು ಹೇಳಿವೆ.

ಒಂದು ಕಡೆ ಸಿಹಿನೀರು ಅಕಾಲದಲ್ಲಿ ಹೆಚ್ಚಾಯಿತು, ಮತ್ತೊಂದು ಕಡೆ ಕಡಿಮೆಯಾಯಿತು. ಎರಡು ಕಡೆಯೂ ಜಾತಿಗಳ ಸಮತೋಲ ತಪ್ಪಿತು. ಕಾಂಡ್ಲಾ ಕಾಡಿಗೆ ಬೇಕಾದದ್ದು ಸರಾಸರಿ ಉಪ್ಪಿನ ಒಂದು ಅಂಕಿಯಲ್ಲ. ಮಳೆಗಾಲದಲ್ಲಿ ಇಳಿದು ಬೇಸಿಗೆಯಲ್ಲಿ ಏರುವ, ಕಡಲಿನಿಂದ ಒಳಗೆ ಹೋದಂತೆ ಕಡಿಮೆಯಾಗುವ ಏರಿಳಿತ ಅದಕ್ಕೆ ಬೇಕು.

'ವ್ಯರ್ಥವಾಗಿ ಕಡಲು ಸೇರುವ ನೀರು'

ಈಗ ನಮ್ಮ ಊರಿನ ಮಾತಿಗೆ ಬರೋಣ. ಕಾಗಿಣಾ ನದಿ ಬೇಸಿಗೆಯಲ್ಲಿ ಗುಂಡಿಗಳಲ್ಲಷ್ಟೇ ಉಳಿಯುವುದನ್ನು ನೋಡಿ ಬೆಳೆದವರು ನಾವು. ಪಶ್ಚಿಮಕ್ಕೆ ಹರಿಯುವ ನದಿಗಳ ನೀರು 'ವ್ಯರ್ಥವಾಗಿ' ಕಡಲು ಸೇರುತ್ತದೆ ಎಂಬ ಮಾತು ನಮಗೆ ಬೇಗ ಹಿಡಿಸುತ್ತದೆ. ಬೇಡ್ತಿ–ವರದಾ, ಅಘನಾಶಿನಿ–ವೇದಾವತಿ ಜೋಡಣೆಯ ಪ್ರಸ್ತಾಪಗಳು ಸುದ್ದಿಯಾದಾಗ ನಮ್ಮ ಶಿಕ್ಷಕರ ಕೊಠಡಿಗಳಲ್ಲಿ ಈ ಪದವನ್ನು ನಾನು ಎಷ್ಟೋ ಸಲ ಕೇಳಿದ್ದೇನೆ. ಬಾಯಾರಿದವರ ಬೇಡಿಕೆ ಸಣ್ಣದಲ್ಲ. ಯಾವ ನದಿಯಿಂದ ಎಷ್ಟು ನೀರು ತಿರುಗಿಸಬಹುದು ಎಂಬುದು ಚರ್ಚಿಸಬೇಕಾದ ಪ್ರಶ್ನೆಯೇ. ಆದರೆ ಅಳಿವೆಗೆ ಬರುವ ನೀರಿನ ಕೆಲಸವನ್ನು ಸೊನ್ನೆ ಎಂದು ಹಿಡಿದು ಹಾಕಿದ ಲೆಕ್ಕ ತಪ್ಪು ಲೆಕ್ಕ. ಸಸಿ ಬೇರೂರಲು ಬೇಕಾದ ಮಳೆಗಾಲದ ಸಿಹಿನೀರು, ಚಿಪ್ಪುಜೀವಿಗಳಿಗೆ ಬೇಕಾದ ಬೇಸಿಗೆಯ ಉಪ್ಪು – ಇವೆರಡೂ ಆ ಲೆಕ್ಕದ ಸಾಲುಗಳಾಗಬೇಕು. ಕಾಂಡ್ಲಾಕ್ಕೆ ಉಪ್ಪು ನೀರೇ ಬೇಕೆಂದು ಕಲಿತ ಹುಡುಗ ನಾಳೆ ಎಂಜಿನಿಯರನಾಗಿ ಆ ಸಾಲುಗಳನ್ನು ಬರೆಯಲಾರ. ನಮ್ಮ ಪಾಠದ ತಪ್ಪಿಗೆ ಬೆಲೆ ಬೀಳುವುದು ಅಲ್ಲಿ.

ನೆಡುವ ಕಾರ್ಯಕ್ರಮಗಳಿಗೂ ಇದು ಅನ್ವಯಿಸುತ್ತದೆ. 2021ರ ಅರಣ್ಯ ಸ್ಥಿತಿ ವರದಿಯಂತೆ ದೇಶದ ಕಾಂಡ್ಲಾ ವಿಸ್ತೀರ್ಣ 4,992 ಚದರ ಕಿಲೋಮೀಟರ್. ಅದರಲ್ಲಿ ಕರ್ನಾಟಕದ ಪಾಲು ಕೇವಲ 13. ಹೆಚ್ಚಿಸುವ ಉತ್ಸಾಹ ಸರಿಯೇ. ಆದರೆ ಫಿಲಿಪ್ಪೀನ್ಸ್‌ನಲ್ಲಿ ದಶಕಗಳ ಕಾಲ ನೆಟ್ಟ ಸಸಿಗಳಲ್ಲಿ ದೀರ್ಘಾವಧಿ ಉಳಿದದ್ದು ಸಾಮಾನ್ಯವಾಗಿ ಶೇಕಡಾ 10ರಿಂದ 20 ಎಂದು 2008ರ ಸಮೀಕ್ಷೆಯೊಂದು ತಿಳಿಸಿತು. ಸುಲಭವಾಗಿ ಸಿಗುತ್ತದೆಂದು ರೈಜೊಫೊರದ ಕೋಲುಗಳನ್ನು ಅವು ಬೆಳೆಯದ ಜಾಗದಲ್ಲೂ ಚುಚ್ಚಿದ್ದು ಮುಖ್ಯ ಕಾರಣ. ಎಷ್ಟು ನೆಟ್ಟಿರಿ ಎಂದು ಕೇಳುವ ಬದಲು, ಎಲ್ಲಿ, ಯಾವ ಜಾತಿ, ಮೂರನೆಯ ಬೇಸಿಗೆಗೆ ಎಷ್ಟು ಉಳಿದವು ಎಂದು ಕೇಳಲು ಮಕ್ಕಳಿಗೆ ಕಲಿಸೋಣ.

ತರಗತಿಯಲ್ಲಿ ಮಾಡಿ ನೋಡಿ

ಕಡಲು ದೂರವಿದ್ದರೂ ಉಪ್ಪು ದೂರವಿಲ್ಲ. ಐದು ತಟ್ಟೆಗಳಲ್ಲಿ ಹತ್ತಿಯ ಮೇಲೆ ತಲಾ 50 ಹೆಸರುಕಾಳು ಹಾಕಿ. ಮೊದಲನೆಯದಕ್ಕೆ ಕುಡಿಯುವ ನೀರು. ಎರಡರಿಂದ ನಾಲ್ಕಕ್ಕೆ ಲೀಟರಿಗೆ 5, 10 ಮತ್ತು 35 ಗ್ರಾಂ ಉಪ್ಪು ಬೆರೆಸಿದ ನೀರು. 27 ಡಿಗ್ರಿ ಸೆಲ್ಸಿಯಸ್‌ನಲ್ಲಿ ಆದರ್ಶ ಸೂತ್ರದಂತೆ ಇವುಗಳ ಅಭಿಸರಣ ಒತ್ತಡ ಕ್ರಮವಾಗಿ ಸುಮಾರು 4.2, 8.4 ಮತ್ತು 29 ವಾಯುಮಂಡಲ. ಈ ಅಂಕಿಗಳನ್ನು ಹೇಗೆ ಪಡೆದೆವು ಎಂಬುದನ್ನು ವಿದ್ಯಾರ್ಥಿಗಳೇ ಲೆಕ್ಕ ಹಾಕಲಿ. ಪ್ರತಿ ಉಪ್ಪಿನ ಅಣುಸೂತ್ರ ಎರಡು ಅಯಾನುಗಳಾಗಿ ಒಡೆಯುತ್ತದೆ ಎಂಬುದನ್ನು ಮರೆಯದಿರಲಿ.

ಐದನೆಯ ತಟ್ಟೆಗೆ ಒಟ್ಟು ಒಂದು ಲೀಟರ್ ಆಗುವಂತೆ 117 ಗ್ರಾಂ ಸಕ್ಕರೆ ಕರಗಿಸಿದ ದ್ರಾವಣ ಹಾಕಿ. ಇದರ ಅಭಿಸರಣ ಒತ್ತಡವೂ 10 ಗ್ರಾಂ ಉಪ್ಪಿನ ದ್ರಾವಣದಷ್ಟೇ. ಮೂರನೆಯ ಮತ್ತು ಐದನೆಯ ತಟ್ಟೆಗಳ ಮೊಳಕೆಯನ್ನು ಹೋಲಿಸಿ. ಎರಡರಲ್ಲೂ ಹಿನ್ನಡೆ ಸಮಾನವಾದರೆ ಕಾಳಿಗೆ ತೊಂದರೆ ಕೊಟ್ಟದ್ದು ನೀರಿನ ಅಭಾವ. ಉಪ್ಪಿನಲ್ಲಿ ಹೆಚ್ಚು ಹಿನ್ನಡೆಯಾದರೆ ಸೋಡಿಯಂ, ಕ್ಲೋರೈಡ್ ಅಯಾನುಗಳ ವಿಷವೂ ಸೇರಿದೆ ಎನ್ನಬಹುದು. ಸಕ್ಕರೆಯ ತಟ್ಟೆಗೆ ಬೂಸ್ಟು ಬೇಗ ಹಿಡಿಯುತ್ತದೆ. ದಿನಕ್ಕೊಮ್ಮೆ ದ್ರಾವಣ ಬದಲಿಸಿ, ನಾಲ್ಕು ದಿನಕ್ಕೆ ಎಣಿಕೆ ಮುಗಿಸಿ. ಕೊನೆಯಲ್ಲಿ ಮೊಳೆಯದ ಕಾಳುಗಳನ್ನು ತೊಳೆದು ಸಿಹಿನೀರಿಗೆ ಹಾಕಿ. ಅವುಗಳಲ್ಲಿ ಎಷ್ಟು ಮೊಳೆತವು ಎಂಬುದು ಉಪ್ಪು ಕಾಳನ್ನು ಕೊಂದಿತೋ, ಕಾಯಿಸಿತೋ ಎಂಬುದಕ್ಕೆ ಉತ್ತರ. ಮಳೆಗಾಲದ ಮೊದಲ ಪ್ರವಾಹ ಅಳಿವೆಯಲ್ಲಿ ಏನು ಮಾಡುತ್ತದೆ ಎಂಬುದೂ ಆಗ ಅರ್ಥವಾಗುತ್ತದೆ.

ಮುಂದಿನ ಪರೀಕ್ಷೆಗೆ ಪ್ರಶ್ನೆ ತಯಾರಿಸುವವರಲ್ಲಿ ಒಂದು ವಿನಂತಿ. 'ಕಾಂಡ್ಲಾ ಬೀಜ ಮರದ ಮೇಲೆ ಮೊಳೆಯಲು ಕಾರಣವೇನು?' ಎಂದು ಒಂದು ಅಂಕಕ್ಕೆ ಕೇಳಬೇಡಿ. ಬದಲಾಗಿ, 'ಒಂದೇ ಕೆಸರಿನಲ್ಲಿ ಬೆಳೆಯುವ ರೈಜೊಫೊರ ಮರದ ಮೇಲೆ ಮೊಳೆಯುತ್ತದೆ, ಸೊನ್ನೆರೇಶಿಯ ಮೊಳೆಯುವುದಿಲ್ಲ. ಹಾಗಾದರೆ ಉಪ್ಪೊಂದೇ ಕಾರಣವೆನ್ನಬಹುದೆ?' ಎಂದು ಕೇಳಿ. ಮೂರು ಅಂಕ ಕೊಡಿ. ಉತ್ತರ ಬಾಯಿಪಾಠದಿಂದ ಬರುವುದಿಲ್ಲ. ಸೇಡಂನ ಹುಡುಗನಾಗಲಿ ಚಿಂಚೋಳಿಯ ಹುಡುಗಿಯಾಗಲಿ, ಮಳೆಗೆ ಸಿಕ್ಕು ಕಾಯಲ್ಲೇ ಮೊಳೆತ ಹೆಸರನ್ನು ನೆನಪಿಸಿಕೊಂಡು ಬರೆದರೆ ಪೂರ್ತಿ ಅಂಕ ಕೊಡಲು ಹಿಂಜರಿಯಬೇಡಿ.